ಹತ್ತು ಹೆಜ್ಜೆಯ ಅಂಗಳ

ನಮ್ಮ ಊರಿನಲ್ಲಿ ಒಂಟಿಯಾಗಿರುವವರ ಮನೆಗೆ ಒಂದು ದಿನ ಯಾರೂ ಹೋಗದಿದ್ದರೆ ಮಾರನೆಯ ಬೆಳಗ್ಗೆ ಆ ಮನೆಯ ಅಂಗಳ ಎರಡರಷ್ಟು ಉದ್ದವಾಗಿರುತ್ತದೆ. ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ ಇದ್ದದ್ದು ಇಪ್ಪತ್ತಾಗುತ್ತದೆ, ಇನ್ನೊಂದು ದಿನ ಬಿಟ್ಟರೆ ನಲವತ್ತು, ಮತ್ತೊಂದು ದಿನಕ್ಕೆ ಎಂಬತ್ತು. ಬೀದಿಯಲ್ಲಿ ನಿಂತು ನೋಡುವವರಿಗೆ ಮಾತ್ರ ಅದೇ ಹತ್ತು ಹೆಜ್ಜೆಯ ಅಂಗಳ, ಅದೇ ಬಾಗಿಲು, ಬಾಗಿಲ ಮೇಲೆ ಅದೇ ಒಣಗಿದ ತೋರಣ. ನಡೆದವರಿಗಷ್ಟೇ ಗೊತ್ತು. ಯಾರಾದರೂ ಒಬ್ಬರು ನಡೆದು ಹೋಗಿ ಹೊಸ್ತಿಲು ದಾಟಿದರೆ ಅಂಗಳ ತಟ್ಟನೆ ತನ್ನ ಮೊದಲಿನ ಅಳತೆಗೆ ಬಂದುಬಿಡುತ್ತದೆ. ಇದು ಹೀಗೇಕೆ ಎಂದು ನಾವ್ಯಾರೂ ಕೇಳಿಕೊಂಡವರಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ ಎಂದು ಮೊದಲ ಸಲ ಕೇಳಿದಾಗ, ಹಾಗಾದರೆ ಅಲ್ಲಿನವರಿಗೆ ಹೊತ್ತು ಮೀರಿದ್ದು ಗೊತ್ತಾಗುವುದು ಹೇಗೆ ಎಂದು ನನಗೆ ಆಶ್ಚರ್ಯವಾಗಿತ್ತು.

ಹೀಗಾಗಿ ನೆಪ ಹುಡುಕುವುದರಲ್ಲಿ ನಮ್ಮವರು ಪಳಗಿದ ಕೈ. ಮನೆಯಲ್ಲಿ ಡಬ್ಬದ ತುಂಬ ಸಕ್ಕರೆ ಇಟ್ಟುಕೊಂಡು ಸಕ್ಕರೆ ಕೇಳಲು ಹೋಗುತ್ತಾರೆ. ಕರಿಬೇವಿನ ಗಿಡದ ಕೆಳಗೇ ಬದುಕುವವರು ಕರಿಬೇವಿಗೆ ಹೋಗುತ್ತಾರೆ. ನನ್ನ ಹೆಂಡತಿ ಕಾಮಾಕ್ಷಿ ಪಕ್ಕದ ಮನೆಯಿಂದ ತುರಿಯುವ ಮಣೆಯನ್ನು ಬೆಳಗ್ಗೆ ತಂದು ಸಂಜೆ ವಾಪಸು ಕೊಟ್ಟು ಬರುವುದನ್ನು ಒಂಬತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಳು, ನಮ್ಮ ಮನೆಯಲ್ಲಿ ಎರಡು ತುರಿಯುವ ಮಣೆಗಳಿವೆ. ಎಲ್ಲರಿಗೂ ಎಲ್ಲರ ನೆಪವೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಉದ್ದವಾದ ಅಂಗಳಕ್ಕೆ ಬೇರೆ ಯಾವ ಉಪಾಯವೂ ನಡೆಯುವುದಿಲ್ಲ. ಸೈಕಲ್ ತುಳಿದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಆ ಮನೆಗೆ ಫೋನು ಹೋಗುವುದಿಲ್ಲ, ಒಳಗಿನವರ ಕೂಗು ಗೇಟಿನಾಚೆ ಬರುವುದಿಲ್ಲ. ಹತ್ತಿಮರದ ಬೀದಿಯ ಕೊನೆಯಲ್ಲಿ ಒಂದು ಮನೆ ಇದೆ, ನಾವು ಹುಟ್ಟುವ ಮೊದಲೇ ಅದಕ್ಕೆ ಹೋಗುವವರು ನಿಂತುಹೋಗಿದ್ದರಂತೆ. ಒಮ್ಮೆ ಮೂವರು ಗಟ್ಟಿಗರು ಬುತ್ತಿ ಕಟ್ಟಿಕೊಂಡು ಆ ಗೇಟು ದಾಟಿದರು. ಒಂಬತ್ತು ದಿನದ ಮೇಲೆ ತಿರುಗಿ ಬಂದು, ಮೊದಲನೆಯ ಹೂವಿನ ಪಾತಿಯೇ ಸಿಕ್ಕಲಿಲ್ಲ ಎಂದರು. ಈಗಲೂ ಆ ಗೇಟಿನ ಮುಂದೆ ಹಾದುಹೋಗುವವರು ಚಪ್ಪಲಿ ಕಳಚಿ ಒಂದು ಗಳಿಗೆ ನಿಂತು ಹೋಗುತ್ತಾರೆ.

ನಾನು ಮೌನೇಶಾಚಾರಿ. ಹೊಲಿಗೆ ಯಂತ್ರ, ಟೈಪ್‌ರೈಟರು, ತೂಕದ ತಕ್ಕಡಿ, ಹೀಗೆ ಕೈಗೆ ಸಿಕ್ಕ ಕಬ್ಬಿಣವನ್ನೆಲ್ಲ ರಿಪೇರಿ ಮಾಡುತ್ತೇನೆ. ಹೆಸರಿಗೂ ನನ್ನ ಬಾಯಿಗೂ ಸಂಬಂಧವಿಲ್ಲ ಎಂದು ಕಾಮಾಕ್ಷಿ ಮದುವೆಯಾದ ವಾರವೇ ಹೇಳಿದ್ದಳು. ನಮ್ಮ ಪಕ್ಕದ ಮನೆಯವರು ಅನಂತಮತಿ ಟೀಚರ್. ವಯಸ್ಸು ಎಂಬತ್ತೊಂದು, ಮದುವೆಯಾಗಲಿಲ್ಲ, ನಲವತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದರು. ಊರಿನ ಯಾವ ಕಚೇರಿಗೆ ಹೋದರೂ ಒಬ್ಬ ಗುಮಾಸ್ತನಾದರೂ ಅವರಿಂದ ಬೆರಳಿನ ಮೇಲೆ ಸ್ಕೇಲಿನ ಏಟು ತಿಂದವನು ಇರುತ್ತಾನೆ. ಅವರ ಹನ್ನೆರಡು ಯಂತ್ರಗಳಿಗೂ ಎಣ್ಣೆ ಬಿಟ್ಟವನು ನಾನು. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಒಂದೇ ಒಂದು ಯಂತ್ರ ಉಳಿಸಿಕೊಂಡಿದ್ದರು. ಹಾಲು ತರಿಸುತ್ತಿರಲಿಲ್ಲ, ಕಪ್ಪು ಕಾಫಿ. ತಿಂಗಳ ಮೊದಲ ವಾರ ತಾವೇ ಹೋಗಿ ಸಾಮಾನು ತರುತ್ತಿದ್ದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ, ದೀಪ ಹಚ್ಚಿ, ಚೌಕಾಬಾರದ ಮಣೆ ಹಾಕಿಕೊಂಡು ಯಾರಾದರೂ ಬರುತ್ತಾರೇನೋ ಎಂದು ಕಾಯುವರು. ಬರುವವನು ಹೆಚ್ಚಾಗಿ ನಾನೇ.

ನಮ್ಮ ಬೀದಿಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಒಂದೇ ಮನೆಗೆ ಒಂದೇ ದಿನ ನಾಲ್ಕು ಜನ ನುಗ್ಗುವುದು, ಇನ್ನೊಂದು ಮನೆಗೆ ಯಾರೂ ಹೋಗದಿರುವುದು ಆಗುತ್ತಿತ್ತು. ಅದಕ್ಕಾಗಿ ಎಂಟು ವರ್ಷದ ಹಿಂದೆ ನಾವೇ ಸೇರಿ ಒಂದು ಏರ್ಪಾಡು ಮಾಡಿದೆವು. ಒಂಟಿಯಾಗಿರುವವರ ಗೇಟಿನ ಕಂಬದ ಮೇಲೆ ಒಂದು ಹಿತ್ತಾಳೆ ಚೊಂಬು ಇಟ್ಟೆವು. ಮನೆಗೆ ಹೋಗಿ ಬಂದವರು ಅದನ್ನು ಬೋರಲು ಹಾಕಬೇಕು. ಸಂಜೆ ಮನೆಯವರೇ ಗೇಟಿನವರೆಗೆ ಬಂದು ಅದನ್ನು ಮತ್ತೆ ನೆಟ್ಟಗೆ ಇಡಬೇಕು. ಚೊಂಬು ಬೋರಲಿದ್ದರೆ ಇವತ್ತಿನ ಕೆಲಸ ಆಗಿದೆ, ನೆಟ್ಟಗಿದ್ದರೆ ಯಾರಾದರೂ ಹೋಗಿ. ಪಕ್ಕದ ಬೀದಿಗಳವರು ಬಂದು ನೋಡಿಕೊಂಡು ಹೋದರು. ನಮಗೂ ಸ್ವಲ್ಪ ಜಂಬ ಬಂದಿತ್ತು. ಆ ಚೊಂಬುಗಳು ಈಗ ಯಾವ ಕಂಬದ ಮೇಲೂ ಇಲ್ಲ.

ಆ ಸಲ ಕಾಮಾಕ್ಷಿ ತಂಗಿಯ ಬಾಣಂತನಕ್ಕೆ ಹೋಗಬೇಕಾಯಿತು. ಹೋಗುವಾಗ ನನ್ನ ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೀಚರ್ ಮನೆಗೆ ದಿನಾ ಹೋಗಿ ಬನ್ನಿ ಎಂದು ಮೂರು ಸಲ ಹೇಳಿದಳು. ಅವತ್ತು ಸಂಜೆಯೇ ಹೋದೆ. ಆಟ ಹಾಕಿದೆವು. ನನ್ನ ಕಾಯಿ ಒಂದೇ ಒಂದು ಮನೆ ದಾಟಿದರೆ ಹಣ್ಣು. ಟೀಚರ್ ಕವಡೆ ಬಿಟ್ಟರು. ಮೂರು ಕವಡೆ ಬೋರಲು ಬಿದ್ದವು, ನಾಲ್ಕನೆಯದು ಮಣೆಯ ಅಂಚಿಗೆ ಒರಗಿ ನಿಂತಿತು. ಅದೂ ಬೋರಲೇ, ಎಂಟು ಬಿತ್ತು ಎಂದರು ಅವರು. ಬಾಯಿ ಮೇಲಿದೆ, ಒಂದು ಅಂದೆ ನಾನು. ಎಂಟಾದರೆ ನನ್ನ ಕಾಯಿ ಸಾಯುತ್ತಿತ್ತು. ಐವತ್ತು ದಾಟಿದ ಗಂಡಸು, ಎಂಬತ್ತು ದಾಟಿದ ಹೆಂಗಸಿನ ಜೊತೆ ಕವಡೆಗಾಗಿ ಅರ್ಧ ಗಂಟೆ ವಾದ ಮಾಡಿದೆ. ಕೊನೆಗೆ ಎದ್ದು ನಿಂತು ಒಂದು ಮಾತು ಅಂದುಬಿಟ್ಟೆ.

"ನಿಮ್ಮ ಹತ್ರ ಯಾರೂ ಆಡೋಕೆ ಬರ್ದೇ ಇರೋದು ಇದಕ್ಕೇ ಟೀಚರ್."

ಅವರು ಕವಡೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಅವರ ಮುಖ ಕೆಂಪಗಿತ್ತು. ಕೋಪ ಎಂದುಕೊಂಡೆ, ಜ್ವರ ಎಂದು ಹೊಳೆಯಲಿಲ್ಲ. ಹೊರಗೆ ಬಂದು ಚೊಂಬನ್ನು ಟಣ್ ಎನ್ನುವಂತೆ ಕಂಬದ ಮೇಲೆ ಬೋರಲು ಕುಕ್ಕಿ ಮನೆಗೆ ಹೋದೆ.

ಮಾರನೆಯ ದಿನ ಹೋಗಲಿಲ್ಲ. ಕ್ಷಮೆ ಕೇಳುವುದು ಯಾರ ಸರದಿ ಎಂದು ನನ್ನೊಳಗೆ ನಾನೇ ಪಂಚಾಯಿತಿ ನಡೆಸುತ್ತಿದ್ದೆ. ಅಂಗಡಿಗೆ ಹೋಗುವಾಗ ಓರೆಗಣ್ಣಿನಲ್ಲಿ ಕಂಬ ನೋಡಿದೆ, ಚೊಂಬು ಬೋರಲಿತ್ತು. ಸದ್ಯ, ಎದುರು ಮನೆಯ ದಸ್ತಗೀರ್ ಸಾಬರು ಹೋಗಿ ಬಂದಿದ್ದಾರೆ ಎಂದು ಸಮಾಧಾನವಾಯಿತು. ದಸ್ತಗೀರ್ ಸಾಬರದು ಬೇಕರಿ. ಆ ವಾರ ಅವರ ಒಲೆಯ ಗೋಡೆ ಬಿರುಕು ಬಿಟ್ಟು ಮೈಯೆಲ್ಲ ಮಣ್ಣು ಮಾಡಿಕೊಂಡು ಓಡಾಡುತ್ತಿದ್ದರು. ಅವರೂ ಬೋರಲಿದ್ದ ಚೊಂಬು ನೋಡಿ, ಮೌನಣ್ಣ ಹೋಗಿ ಬಂದಿದ್ದಾನೆ ಎಂದುಕೊಂಡು ಮಣ್ಣು ಕಲಸಲು ಹೋಗುತ್ತಿದ್ದರು. ಮೂರನೆಯ ದಿನವೂ ಬೋರಲು, ನಾಲ್ಕನೆಯ ದಿನವೂ ಬೋರಲು. ಒಂದು ದಿನ ಟೀಚರ್ ಬಾಗಿಲಲ್ಲಿ ನಿಂತು ಕೈಯೆತ್ತಿ ಬೀಸುತ್ತಿದ್ದುದು ಕಂಡಿತು. ಕಾಗೆ ಓಡಿಸುತ್ತಿದ್ದಾರೆ ಎಂದುಕೊಂಡು ಮುಖ ತಿರುಗಿಸಿದೆ. ಅದರ ಎರಡು ದಿನದ ಮೇಲೆ ಅಂಗಳದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಕಂಡಿತು. ಓಹೋ, ಈಗ ಬಿಸಿಲು ಕಾಯಿಸುವುದನ್ನು ಬೇರೆ ಕಲಿತಿದ್ದಾರೆ ಎಂದು ಮನಸ್ಸಿನಲ್ಲೇ ಹಂಗಿಸಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ನನಗೆ ಅನುಕೂಲವಾದ ಹಾಗೆ ಓದಿಕೊಂಡೆ. ಇವತ್ತಿಗೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಜಗಳವಾದ ಹನ್ನೆರಡು ದಿನದ ಮೇಲೆ ಬೆಳಗ್ಗೆ ಮೊದಲ ಬಸ್ಸಿಗೆ ಕಾಮಾಕ್ಷಿ ಬಂದಳು. ನಾನು ಬೀದಿಯಲ್ಲೇ ನಿಂತು ಹಲ್ಲುಜ್ಜುತ್ತಿದ್ದೆ. ಚೀಲ ಕೆಳಗಿಡುವ ಮೊದಲೇ ಅವಳ ಕಣ್ಣು ಟೀಚರ್ ಮನೆಯ ಕಂಬಕ್ಕೆ ಹೋಯಿತು. ಹತ್ತಿರ ಹೋಗಿ ಚೊಂಬನ್ನು ಎತ್ತಲು ನೋಡಿದಳು, ಅದು ಬರಲಿಲ್ಲ. ಚೊಂಬಿನ ಬಾಯಿಗೂ ಕಂಬಕ್ಕೂ ಸೇರಿಸಿ ಕಡಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಗೂಡು ಚೆನ್ನಾಗಿ ಒಣಗಿ ಗಟ್ಟಿಯಾಗಿತ್ತು.

"ಇದನ್ನ ಬೋರ್ಲು ಹಾಕಿದ್ದು ಯಾರು?" ಎಂದಳು.

ಬಾಯಲ್ಲಿ ನೊರೆ ತುಂಬಿಕೊಂಡು ನಿಂತೆ. ಅಲ್ಲಿಯವರೆಗೆ ನಾನು ಕೇಳಿಕೊಳ್ಳದೇ ಇದ್ದ ಪ್ರಶ್ನೆ ಅದೊಂದೇ. ದಿನವೂ ನೋಡಿ ಸಮಾಧಾನಪಟ್ಟುಕೊಂಡದ್ದು ನಾನೇ ಕುಕ್ಕಿ ಹೋಗಿದ್ದ ಚೊಂಬನ್ನು. ಅದನ್ನು ನೆಟ್ಟಗೆ ಮಾಡಲು ಆವತ್ತು ಸಂಜೆ ಟೀಚರ್ ಹೊರಗೆ ಬಂದಿರಲೇ ಇಲ್ಲ.

ದಸ್ತಗೀರ್ ಸಾಬರು ಬೇಕರಿಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ನೀವು ಹೋಗ್ತಾ ಇದೀರ ಅಂತ ನಾನು ಸುಮ್ನಿದ್ದೆ ಮೌನಣ್ಣ," ಎಂದು ಅಷ್ಟೇ ಹೇಳಿ, ಇದ್ದಿಲ ಚೂರೊಂದನ್ನು ತೆಗೆದುಕೊಂಡು ಹೊಸ ಗೋಡೆಯ ಮೇಲೆ ಲೆಕ್ಕ ಹಾಕತೊಡಗಿದರು. ಹತ್ತು, ಇಪ್ಪತ್ತು, ನಲವತ್ತು. ಹನ್ನೊಂದು ದಿನಕ್ಕೆ ಇಪ್ಪತ್ತು ಸಾವಿರದ ನಾನೂರ ಎಂಬತ್ತು ಹೆಜ್ಜೆ. ನಾಳೆ ಬೆಳಗಾದರೆ ನಲವತ್ತು ಸಾವಿರ ದಾಟುತ್ತದೆ. ನಮ್ಮ ಬೀದಿಯಲ್ಲಿ ಅಂಥ ಅಂಗಳವನ್ನು ಯಾರೂ ಕಂಡಿರಲಿಲ್ಲ. ತಾನೂ ಬರುತ್ತೇನೆಂದರು, ಆದರೆ ಅವರಿಗೆ ಉಬ್ಬಸ. ಕಾಮಾಕ್ಷಿ ತಾನು ಹೋಗುತ್ತೇನೆಂದಳು. ನಾನೇ ಹೋಗಬೇಕು ಎಂದೆ, ಅವಳು ಯಾಕೆ ಎಂದು ಕೇಳಲಿಲ್ಲ, ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಅವಲಕ್ಕಿ, ಎರಡು ಬಾಟಲಿ ನೀರು ಕಟ್ಟಿ ಕೊಟ್ಟಳು. ಊರಿನ ಡಾಕ್ಟರಮ್ಮನನ್ನು ಕರೆತಂದು ಗೇಟಿನಲ್ಲೇ ಕೂರಿಸಿಕೊಂಡಿರುತ್ತೇವೆ, ನೀವು ಹೊಸ್ತಿಲು ದಾಟಿದ ಕೂಡಲೇ ಬರುತ್ತೇವೆ ಎಂದು ಸಾಬರು ಹೇಳಿದರು. ಎಂಟು ಗಂಟೆಗೆ ಗೇಟು ತೆಗೆದು ಒಳಗೆ ಕಾಲಿಟ್ಟೆ.

"ಬಂದೆ ಟೀಚರ್," ಎಂದು ಕೂಗಿದೆ. ಉದ್ದವಾದ ಅಂಗಳದಲ್ಲಿ ಮಾತು ಮನುಷ್ಯನಿಗಿಂತ ನಿಧಾನವಾಗಿ ನಡೆಯುತ್ತದೆ ಎಂದು ನನಗೂ ಗೊತ್ತಿತ್ತು. ಆದರೂ ಕೂಗದೇ ಇರಲಾಗಲಿಲ್ಲ.

ಮೊದಲು ಹೊಡೆದದ್ದು ಗಾಳಿ. ಆ ಅಂಗಳದ ಎರಡು ಕಡೆಯೂ ಆಳೆತ್ತರದ ಕಾಂಪೌಂಡು, ಅಲ್ಲಿ ಗಾಳಿ ಆಡುವುದೇ ಕಡಿಮೆ. ಈಗ ಹತ್ತಾರು ಮೈಲಿ ಬಯಲಿನ ಮೇಲಿನಿಂದ ಬಂದ ಗಾಳಿ ನನ್ನ ಅಂಗಿಯನ್ನು ಹಿಂದಕ್ಕೆ ಎಳೆಯಿತು. ಅದರಲ್ಲಿ ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ ಇತ್ತು. ಆ ಸಿಮೆಂಟಿನ ನೆಲದಲ್ಲಿ ಎಲ್ಲಿಯ ಹುಲ್ಲು? ಕಣ್ಣಿಗೆ ಅಂಗಳ, ಕಾಲಿಗೆ ಬಯಲು. ಮುಂದೆ ನೋಡಿದರೆ ಬಾಗಿಲು ಅಲ್ಲೇ ಇದೆ, ಬಾಗಿಲ ಪರದೆಯ ಮೇಲಿನ ನೀಲಿ ಹೂವುಗಳನ್ನು ಎಣಿಸಬಹುದು. ಹಿಂದೆ ನೋಡಿದರೆ ಕಾಮಾಕ್ಷಿ ಗೇಟು ಹಿಡಿದು ನಿಂತಿದ್ದಾಳೆ, ಕೈ ಚಾಚಿದರೆ ಸಿಗುತ್ತಾಳೆ. ಗೇಟಿನಿಂದ ಎರಡೇ ಹೆಜ್ಜೆಗೆ ಒಂದು ಮಲ್ಲಿಗೆಯ ಕುಂಡ. ಅದನ್ನು ಮುಟ್ಟಲು ಹೊರಟವನು ಮುಕ್ಕಾಲು ಗಂಟೆ ನಡೆದೆ. ಅಷ್ಟು ಹೊತ್ತೂ ಆ ಕುಂಡ ನನ್ನ ಮೂಗಿನ ಮುಂದೆಯೇ ಇತ್ತು. ಕೊನೆಗೆ ಅದರ ಅಂಚಿಗೆ ಕೈ ತಾಗಿದಾಗ ನನಗೆ ಭಯವಾಗಲಿಲ್ಲ. ದೇವಸ್ಥಾನದ ಗರ್ಭಗುಡಿಯ ಮುಂದೆ ಆಗುವಂಥದ್ದೇನೋ ಆಯಿತು. ಚಪ್ಪಲಿ ಕಳಚಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮುಂದೆ ಹೋದೆ. ಸಿಮೆಂಟು ಕಾದಿತ್ತು, ಮೂರ್ಖತನದ ಕೆಲಸ, ಆದರೂ ಹಾಗೇ ಹೋದೆ.

ಹೀಗೆ ಹೋಗುವಾಗ ಒಂದು ಅಳಿಲು ಗೇಟಿನ ಕೆಳಗಿನಿಂದ ನುಸುಳಿ ನನ್ನ ಪಕ್ಕದಲ್ಲೇ ಓಡಿ, ನಾನು ಉಸಿರು ಬಿಡುವುದರೊಳಗೆ ಬಾಗಿಲ ಮೆಟ್ಟಿಲು ಹತ್ತಿ ಪರದೆಯ ಅಡಿಯಲ್ಲಿ ಮಾಯವಾಯಿತು. ಮತ್ತೊಂದು ಉಸಿರಿಗೆ ಬಾಯಲ್ಲಿ ಏನೋ ಕಚ್ಚಿಕೊಂಡು ವಾಪಸು ಬಂದು ಗೇಟು ದಾಟಿತು. ಅದಕ್ಕೆ ಅದು ಹತ್ತು ಹೆಜ್ಜೆಯ ಅಂಗಳವೇ. ಇರುವೆಗಳ ಸಾಲೂ ತನ್ನ ಪಾಡಿಗೆ ತಾನು ಆ ಕಡೆಯಿಂದ ಈ ಕಡೆಗೆ ಹರಿಯುತ್ತಿತ್ತು. ಈ ದೂರ ಇರುವುದು ಮನುಷ್ಯರಿಗೆ ಮಾತ್ರ ಎಂದು ಗೊತ್ತಾದಾಗ ನನಗೆ ನಾಚಿಕೆಯಾಯಿತು. ಅಳಿಲಿನ ಮುಂದೆ ಅಷ್ಟು ನಾಚಿಕೊಂಡದ್ದು ನನ್ನ ಜೀವಮಾನದಲ್ಲೇ ಮೊದಲು.

ಕುಂಡ ದಾಟಿದ ಮೇಲೆ ಟೀಚರ್ ದನಿ ಕೇಳಿತು. ಕಿವಿಯ ಪಕ್ಕದಲ್ಲೇ, ಸ್ಪಷ್ಟವಾಗಿ, ಸಿಟ್ಟಿನಿಂದ.

"ಎಂಟೇ ಬಿದ್ದಿದ್ದು ಮೌನೇಶ. ನಾನು ಸಾಯೋವರೆಗೂ ಎಂಟೇ ಅಂತೀನಿ."

ಸುತ್ತ ನೋಡಿದೆ. ಯಾರೂ ಇಲ್ಲ. ಅದು ಅಂಗಳ ಉದ್ದವಾಗತೊಡಗಿದ ಮೊದಲ ದಿನದ ಕೂಗು. ಗೇಟಿನ ಕಡೆಗೆ ಹೊರಟದ್ದು ದಿನದಿನಕ್ಕೆ ಉದ್ದವಾಗುವ ಅಂಗಳದಲ್ಲಿ ಸಿಕ್ಕಿಕೊಂಡು ಇನ್ನೂ ನಡೆಯುತ್ತಲೇ ಇತ್ತು. ನನ್ನನ್ನು ದಾಟಿ ಗೇಟಿನ ಕಡೆಗೆ ಹೋಯಿತು. ನಗು ಬಂತು, ಬದುಕಿದ್ದಾರೆ ಎಂದು ಒಂದು ಕ್ಷಣ ಹಿಗ್ಗಿದೆ, ಆಮೇಲೆ ಅದು ಹತ್ತು ದಿನ ಹಳೆಯ ಮಾತು ಎಂದು ನೆನಪಾಯಿತು. ಬಂದೆ ಟೀಚರ್ ಎಂದು ಮತ್ತೆ ಕೂಗಿ ಹೆಜ್ಜೆ ಬೀಸಿದೆ.

ಅರ್ಧ ಗಂಟೆಯ ಮೇಲೆ ಇನ್ನೊಂದು ಕೂಗು ಎದುರಾಯಿತು. ಈಗ ಸಿಟ್ಟಿರಲಿಲ್ಲ. ಕಾಮಾಕ್ಷಿ ಬಂದಿದ್ದರೆ ಸ್ವಲ್ಪ ಗಂಜಿ ಕಾಸಿಕೊಡಲು ಹೇಳು, ಮೈ ಸುಡುತ್ತಿದೆ ಎಂದು ಹೇಳುತ್ತಿದ್ದರು. ಮುಂದೆ ಹೋದಂತೆ ಅಂಗಳದ ಗಾಳಿಯಲ್ಲಿ ಅವರ ದಿನಗಳು ಒಂದರ ಹಿಂದೆ ಒಂದು ನನ್ನ ಎದುರಿಗೆ ಬಂದವು. ದೀಪದ ಬಲ್ಬು ಹೋಗಿದೆ ಎಂದು ಒಮ್ಮೆ. ಜ್ವರ ಬಿಟ್ಟಿತು, ಯಾರೂ ಗಾಬರಿ ಪಡಬೇಡಿ ಎಂದು ಒಮ್ಮೆ. ಗಾಬರಿಪಡಲು ಇಲ್ಲಿ ಯಾರಿದ್ದರು? ಒಂದು ಕಡೆ ಅವರು ಪಾಠ ಮಾಡುತ್ತಿದ್ದರು. ಬೆನ್ನು ನೆಟ್ಟಗಿರಲಿ, ಕಣ್ಣು ಕಾಗದದ ಮೇಲಿರಲಿ, ಬೆರಳು ನೋಡಬಾರದು, ಎ ಎಸ್ ಡಿ ಎಫ್ ಎಂದು ತಾಳ ಹಾಕಿ ಹೇಳಿಸುತ್ತಿದ್ದರು. ನಲವತ್ತು ವರ್ಷದ ಮಕ್ಕಳೆಲ್ಲ ಮುಂದೆ ಕೂತಿದ್ದಾರೆ ಎನ್ನುವಷ್ಟು ಗಟ್ಟಿ ದನಿ. ನಾನು ಗೊತ್ತಿಲ್ಲದೆ ಆ ತಾಳಕ್ಕೇ ಹೆಜ್ಜೆ ಹಾಕಿದೆ. ಸುಮಾರು ಅರ್ಧ ಮೈಲಿ ಆ ಪಾಠ ನನ್ನನ್ನು ನಡೆಸಿತು.

ಬಿಸಿಲು ಏರಿತು. ಬಲ ಮೊಣಕಾಲು ಹಿಡಿಯತೊಡಗಿತು. ಹತ್ತೂವರೆ ಕಳೆದಾಗ ಕುರ್ಚಿ ಸಿಕ್ಕಿತು. ಬೀದಿಯಿಂದ ನೋಡಿ ನಾನು ಹಂಗಿಸಿದ್ದ ಅದೇ ಕುರ್ಚಿ, ಅಂಗಳದ ನಟ್ಟನಡುವೆ. ಅದರ ಹಿಂದಿನ ಕಾಲುಗಳು ಸಿಮೆಂಟಿನ ಮೇಲೆ ಎರಡು ಗೀರು ಎಳೆದಿದ್ದವು, ಗೀರುಗಳು ಬಾಗಿಲ ಕಡೆಯಿಂದ ಬಂದಿದ್ದವು. ಜ್ವರ ಬಿಟ್ಟ ಮೇಲೆ ಟೀಚರ್ ತಾವೇ ಗೇಟಿಗೆ ಹೊರಟಿದ್ದರು. ಸುಸ್ತಾದಾಗ ಕೂರಲು ಕುರ್ಚಿಯನ್ನು ಎಳೆದುಕೊಂಡು ಬಂದಿದ್ದರು. ಇಲ್ಲಿಯವರೆಗೆ ಬಂದು, ಇನ್ನು ಆಗುವುದಿಲ್ಲ ಎಂದು ಕುರ್ಚಿಯನ್ನು ಇಲ್ಲೇ ಬಿಟ್ಟು ವಾಪಸಾಗಿದ್ದರು. ನಾನು ಅದರಲ್ಲಿ ಕೂತೆ. ಕೂತ ಜಾಗದಿಂದ ಕಾಂಪೌಂಡಿನ ಒಂದು ಒಡಕಿನಲ್ಲಿ ನಮ್ಮ ಮನೆಯ ಕಿಟಕಿ ಕಾಣುತ್ತಿತ್ತು, ಒಳಗೆ ನನ್ನ ಕೆಲಸದ ಮೇಜೂ ಕಾಣುತ್ತಿತ್ತು. ಅವರು ಇಲ್ಲಿ ಕೂತಿದ್ದಾಗ ನಾನು ಆ ಮೇಜಿನಲ್ಲಿ ಯಾರದೋ ಹೊಲಿಗೆ ಯಂತ್ರದ ಸೂಜಿ ಸರಿಮಾಡುತ್ತಿದ್ದಿರಬೇಕು. ಅವಲಕ್ಕಿಯ ಗಂಟು ಬಿಚ್ಚದೆ ನೀರು ಕುಡಿದು ಎದ್ದೆ.

ಕುರ್ಚಿಯಿಂದ ಮುಂದೆ ಕೂಗುಗಳು ವಿರಳವಾದವು, ಚಿಕ್ಕವಾದವು. ಬಟ್ಟೆ ಒಣಹಾಕುವ ತಂತಿಯ ಹತ್ತಿರ ಒಂದು ಮಾತು ಬಂತು. ಅದನ್ನು ಅವರು ಕೂಗಿರಲಿಲ್ಲ, ಬಾಗಿಲಲ್ಲಿ ಕೂತು ತಮಗೆ ತಾವೇ ಹೇಳಿಕೊಂಡಿದ್ದರು.

"ಒಂದೇ ಬಿದ್ದಿದ್ದು ಕಣೋ. ನಾನೂ ನೋಡಿದ್ದೆ."

ನಾನು ಅಲ್ಲೇ ನಿಂತು ಅತ್ತೆ. ಗೇಟಿನಲ್ಲಿ ಕಾಮಾಕ್ಷಿಗೂ ಡಾಕ್ಟರಮ್ಮನಿಗೂ ಕಾಣಿಸುತ್ತದೆ ಎಂದು ಗೊತ್ತಿದ್ದೂ ಟವೆಲು ಮುಖಕ್ಕೆ ಒತ್ತಿಕೊಂಡು ಅತ್ತೆ. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು, "ಎಂಟೇ ಬಿದ್ದಿದ್ದು ಟೀಚರ್, ಎಂಟೇ," ಎಂದು ಬಾಗಿಲ ಕಡೆಗೆ ಕಿರುಚಿದೆ. ನಮ್ಮಿಬ್ಬರ ಆ ಎರಡು ಮಾತುಗಳೂ ಒಂದನ್ನೊಂದು ದಾಟಿ ತಮ್ಮ ತಮ್ಮ ದಾರಿ ಹಿಡಿದವು.

ಅದರ ಮುಂದೆ ಇನ್ನೊಂದು ಕೂಗು ಮಾತ್ರ ಸಿಕ್ಕಿತು. ಯಾರಾದರೂ ಇದ್ದೀರಾ ಎಂದು. ಅದರಲ್ಲಿ ನನ್ನ ಹೆಸರೂ ಇರಲಿಲ್ಲ, ಕಾಮಾಕ್ಷಿಯ ಹೆಸರೂ ಇರಲಿಲ್ಲ.

ಆಮೇಲೆ ಏನೂ ಇಲ್ಲ. ಸುಮಾರು ನಾಲ್ಕು ಸಾವಿರ ಹೆಜ್ಜೆ ಬರಿಯ ಗಾಳಿ. ಒಂದು ನಿಟ್ಟುಸಿರಾದರೂ ಎದುರು ಬರಲಿ ಎಂದು ಕಿವಿ ಕೊಟ್ಟು ನಡೆದೆ. ಅವರು ಮಾತಾಡುವುದನ್ನು ನಿಲ್ಲಿಸಿ ಎಷ್ಟು ದಿನವಾಗಿದೆ ಎಂದು ಹೆಜ್ಜೆಯಲ್ಲಿ ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟೆ. ಬದಲಿಗೆ ನಾನೇ ಮಾತಾಡತೊಡಗಿದೆ. ಬಂದೆ ಟೀಚರ್, ಬಂದೆ, ಇಲ್ಲೇ ಇದ್ದೇನೆ, ಬಂದೆ. ದನಿ ಒಡೆದು ಗೊಗ್ಗರಾಯಿತು, ನಿಲ್ಲಿಸಲಿಲ್ಲ. ಅಳಿಲು ಇನ್ನೊಂದು ಸಲ ನನ್ನನ್ನು ದಾಟಿ ಪರದೆಯೊಳಗೆ ಹೋಗಿ ಬಂತು. ಅದಕ್ಕೆ ಗೊತ್ತಿತ್ತು ಒಳಗೇನಿದೆ ಎಂದು. ಅದರ ಮುಖ ನೋಡಿ ತಿಳಿಯಲು ಪ್ರಯತ್ನಪಟ್ಟೆ ಎಂದರೆ ನನ್ನ ಸ್ಥಿತಿ ಹೇಗಿತ್ತು ಊಹಿಸಿಕೊಳ್ಳಿ.

ಮೆಟ್ಟಿಲು ಸಿಕ್ಕಿದಾಗ ಒಂದೂವರೆ ಗಂಟೆ. ಮೂರು ಮೆಟ್ಟಿಲು. ಮೊದಲನೆಯದಕ್ಕೆ ಕೈ ಊರಿ, ಎರಡನೆಯದಕ್ಕೆ ಮೊಣಕಾಲು ಊರಿ ಹತ್ತಿದೆ. ಇಪ್ಪತ್ತು ಸಾವಿರ ಹೆಜ್ಜೆ ನಡೆದವನಿಗೆ ಆ ಒಂದು ಹೆಜ್ಜೆ ಎತ್ತಲು ಆಗಲಿಲ್ಲ. ಹೊಸ್ತಿಲ ಈಚೆ ಇರುವವರೆಗೆ ಅವರು ಬದುಕಿದ್ದಾರೆ ಎಂದುಕೊಂಡಿರಬಹುದಲ್ಲ ಎಂದು ಹಾಳು ಮನಸ್ಸು ಹೇಳಿತು. ಹನ್ನೊಂದು ದಿನ ಹಾಗೆ ಅಂದುಕೊಂಡೇ ಅಲ್ಲವೇ ಇದೆಲ್ಲ ಆದದ್ದು. ಪರದೆ ಸರಿಸಿ ಕಾಲು ಒಳಗಿಟ್ಟೆ.

ಬೆನ್ನ ಹಿಂದೆ ಗಾಳಿ ತಟಕ್ಕನೆ ನಿಂತಿತು. ಬೀದಿಯ ಸದ್ದು, ಬೇಕರಿಯ ವಾಸನೆ ಎಲ್ಲ ಒಟ್ಟಿಗೆ ಒಳಗೆ ಬಂದವು. ಟೀಚರ್ ಮಂಚಕ್ಕೂ ಟೈಪ್‌ರೈಟರಿನ ಮೇಜಿಗೂ ನಡುವೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು, ತಲೆ ತೋಳಿನ ಮೇಲಿತ್ತು. ಕೈಗೆ ಸಿಗುವಷ್ಟು ದೂರದಲ್ಲಿ ನೀರಿನ ಬಿಂದಿಗೆ ಉರುಳಿತ್ತು. ಅದರ ತಳದಲ್ಲಿ ಒಂದು ಗುಟುಕು ಉಳಿದಿತ್ತು. ನಾನು ಅವರ ಮುಖದ ಹತ್ತಿರ ಕೂತೆ. ತುಟಿ ಒಡೆದಿತ್ತು. ಹೆಸರು ಹಿಡಿದು ಕರೆಯಲು ಬಾಯಿ ತೆರೆದರೆ ನನ್ನ ಗಂಟಲಿನಿಂದ ಸದ್ದೇ ಬರಲಿಲ್ಲ. ಅಷ್ಟು ದೂರ ಕೂಗಿಕೊಂಡು ಬಂದವನಿಗೆ ಅಲ್ಲಿ 'ಟೀಚರ್' ಎನ್ನಲೂ ಆಗಲಿಲ್ಲ. ಬೆರಳನ್ನು ನೀರಿನಲ್ಲಿ ಅದ್ದಿ ತುಟಿಗೆ ಸವರಿದೆ. ನಾಲಿಗೆ ಆ ಹನಿಯನ್ನು ಹುಡುಕಿಕೊಂಡು ಬಂತು.

ಅಷ್ಟರಲ್ಲಿ ಕಾಮಾಕ್ಷಿ, ಸಾಬರು, ಡಾಕ್ಟರಮ್ಮ ಹತ್ತೇ ಹೆಜ್ಜೆಯಲ್ಲಿ ಓಡಿ ಬಂದರು. ಡಾಕ್ಟರಮ್ಮ ನಾಡಿ ಹಿಡಿದು, ಕಣ್ಣು ಬಿಡಿಸಿ, ಸೊಂಟ ಮುಟ್ಟಿ ನೋಡಿದರು. ಸೊಂಟದ ಮೂಳೆ ಮುರಿದಿದೆ, ಬಿದ್ದು ಎರಡು ದಿನವಾಗಿರಬೇಕು, ಆದರೆ ಉಳಿಯುತ್ತಾರೆ ಎಂದರು. ನಾಳೆಯವರೆಗೆ ಬಿಟ್ಟಿದ್ದರೆ ಆ ಮಾತು ಹೇಳುತ್ತಿರಲಿಲ್ಲ ಎಂದೂ ಹೇಳಿದರು. ಕಾಮಾಕ್ಷಿ ಟೀಚರ್ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚದಲ್ಲಿ ನೀರು ಬಿಟ್ಟಳು. ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಅಂಗಳದಲ್ಲಿ ಸೇರಿ ಬಾಗಿಲಲ್ಲಿ ಇಣುಕತೊಡಗಿದ್ದರು. ಡಾಕ್ಟರಮ್ಮ ಬಾಗಿಲು ಹಾಕಲು ಹೇಳಿದರು. ಸಾಬರು ಎದ್ದು ಕದಕ್ಕೆ ಕೈ ಹಾಕಿದರು.

ಆಗ ಹೊರಗಿನಿಂದ ಒಂದು ಗೊಗ್ಗರು ದನಿ ಒಳಗೆ ಬಂತು. ಬಂದೆ ಟೀಚರ್. ಎಲ್ಲರೂ ನನ್ನ ಕಡೆ ನೋಡಿದರು, ನನ್ನ ಬಾಯಿ ಮುಚ್ಚಿತ್ತು. ಅದರ ಹಿಂದೆ ಇನ್ನೊಂದು, ಇಲ್ಲೇ ಇದ್ದೇನೆ, ಬಂದೆ. ಅಂಗಳ ಕುಗ್ಗಿದರೂ ನನ್ನ ಕೂಗುಗಳು ತಮ್ಮ ಸಾಲು ಬಿಟ್ಟಿರಲಿಲ್ಲ. ಕೊನೆಯಲ್ಲಿ ಕೂಗಿದ್ದು ಮೊದಲು, ಅದರ ಹಿಂದಿನದು ಆಮೇಲೆ, ಹೀಗೆ ಒಂದೊಂದಾಗಿ ಹೊಸ್ತಿಲು ದಾಟಿ ಬಂದವು. ಬಂದ ಹಾಗೆಲ್ಲ ದನಿ ಗಟ್ಟಿಯಾಗುತ್ತಿತ್ತು. ಎಂಟೇ ಬಿದ್ದಿದ್ದು ಟೀಚರ್, ಎಂಟೇ ಎಂಬುದೂ ಬಂತು. ಬೀದಿಯವರಿಗೆ ಅರ್ಥವಾಗಲಿಲ್ಲ. ಟೀಚರ್ ತುಟಿ ಒಂದು ಪಕ್ಕಕ್ಕೆ ಸರಿಯಿತು. "ಸುಳ್ಳುಗಾರ," ಎಂದರು. ಅವರ ಬಾಯಿಂದ ಬಂದ ಮೊದಲ ಮಾತು ಅದು.

ಮತ್ತೆ ಬಂದೆ ಟೀಚರ್ ಎಂದು ಕೇಳಿಸಿತು, ಈಗ ಬೆಳಗಿನ ದನಿ. ಡಾಕ್ಟರಮ್ಮ ಕೂಡ ಸೂಜಿಯನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಟೀಚರ್ ಕಣ್ಣು ತೆರೆದು ಬಾಗಿಲ ಕಡೆ ನೋಡಿದರು. ಪಕ್ಕದಲ್ಲೇ ಕೂತಿದ್ದ ನನ್ನನ್ನು ನೋಡಿದರು. ನನ್ನ ಬರಿಗಾಲಿನ ಬೊಬ್ಬೆಗಳನ್ನೂ ನೋಡಿದರು. ನನ್ನ ಕೈ ಹಿಡಿದುಕೊಂಡು, ತಲೆಯನ್ನು ತುಸು ಎತ್ತಿ ಸಾಬರಿಗೆ ಹೇಳಿದರು.

"ಬಾಗ್ಲು ಹಾಕ್ಬೇಡಿ ಸಾಬ್ರೆ. ಇವನು ಇನ್ನೂ ಬರ್ತಾ ಇದಾನೆ."

ದಸ್ತಗೀರ್ ಸಾಬರು ಎರಡು ಕದಗಳನ್ನೂ ಗೋಡೆಗೆ ತಾಗುವಷ್ಟು ತೆರೆದು ಹಿಡಿದುಕೊಂಡು ನಿಂತರು.